ಜೆಲ್ಲಿ ಹಿಡಿಯುವ ತನಕ

ಬೆಂಗಳೂರಿನ ಜಯನಗರದ ಆಸ್ಪತ್ರೆಗೆ ತರಬೇತಿಗೆಂದು ಬಂದ ಮೇಲೆ ನನಗೆ ಸಿಕ್ಕ ಮೊದಲ ರೋಗಿಗೆ ತಲೆಯೂ ಇರಲಿಲ್ಲ, ಕಾಲೂ ಇರಲಿಲ್ಲ. ಮೇಜಿನ ಮೇಲೆ ರಬ್ಬರಿನ ಸೊಂಟವೊಂದೇ ಕೂತಿತ್ತು, ಒಳಗೆ ಮೂತ್ರಕೋಶದ ಜಾಗದಲ್ಲಿ ನೀರಿನ ಚೀಲ. ‘ಮೂತ್ರದ ಸಣ್ಣ ಆಪರೇಷನ್ನೆಲ್ಲಾ ಫಸ್ಟ್ ಇದರ ಮೇಲೆ ಕಲೀರಿ. ಪಾಸಾದ್ರೆ ಮಾತ್ರ ಪೇಷಂಟ್ ಹತ್ರ ಬಿಡ್ತೀನಿ’ ಎಂದರು ತರಬೇತಿ ಕೊಡುವ ಮೇಡಂ.

ನನಗೆ ನಗುವೂ ಬಂತು, ಸಿಟ್ಟೂ ಬಂತು. ವಿಜಯಪುರದ ಕಡೆಯ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಡಾಕ್ಟರಾಗಿ ದುಡಿದು ಬಂದವಳು ನಾನು. ಅಲ್ಲಿ ಬೊಂಬೆ ಎಲ್ಲಿಂದ ಬರಬೇಕು? ಮೂತ್ರ ಕಟ್ಟಿದವರು ಟಂಟಂ ಆಟೋದಲ್ಲಿ ನರಳುತ್ತ ಬರುತ್ತಿದ್ದರು. ಸಾಲು ಬಾಗಿಲಾಚೆಗೆ ಬೆಳೆದಿರುತ್ತಿತ್ತು. ಸರಸರನೆ ನಳಿಕೆ ಹಾಕಿ ಕಳಿಸುವುದೇ ಜಾಣತನ.

ಮನೆ ಸಿಕ್ಕಿದ್ದು ಗೊಟ್ಟಿಗೆರೆಯಲ್ಲಿ, ನಾರಾಯಣಪ್ಪನವರ ಮಹಡಿಯ ಮೇಲೆ. ಅವರು ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ನಾನು ಅವರನ್ನು ಕಾಕಾ ಎನ್ನುತ್ತೇನೆ, ನಮ್ಮ ಕಡೆ ಚಿಕ್ಕಪ್ಪನನ್ನು ಕರೆಯುವಂತೆ. ಅವರಿಗೆ ನಾನು ಡಾಕ್ಟ್ರಮ್ಮ. ಅವರ ಮನೆಯವರು ಕೊಟ್ಟ ಮುದ್ದೆಯನ್ನು ನುಂಗುವುದು ಹೇಗೋ ಕಲಿತೆ. ಆದರೆ ಭಾನುವಾರ ಒಬ್ಬಳೇ ಜೋಳದ ರೊಟ್ಟಿ ಬಡಿಯಲು ಕೂತರೆ ಆ ಸದ್ದಿಗೇ ಅಳು ಬರುತ್ತಿತ್ತು.

ಪರೀಕ್ಷೆಯ ದಿನ ಬೊಂಬೆಯ ಜೊತೆ ಜೀವಂತ ಮನುಷ್ಯರೊಬ್ಬರೂ ಇರುತ್ತಾರೆ. ಅವರು ಮಂಚದ ಮೇಲೆ ಒರಗಿ, ರಬ್ಬರ್ ಸೊಂಟವನ್ನು ಮೈಮೇಲಿಟ್ಟುಕೊಂಡು, ಹೊದ್ದು ಮಲಗಿ ರೋಗಿಯ ಪಾತ್ರ ಮಾಡಬೇಕು. ನಮ್ಮ ಕೆಲಸ ಬೊಂಬೆಗೆ, ಮಾತು ಮನುಷ್ಯನಿಗೆ. ಅಂಥವರು ಬೇಕೆಂದಾಗ ನಾನು ಕಾಕಾನನ್ನು ಕೇಳಿದೆ. ಕೇಳಿದ ಕೂಡಲೇ ಒಪ್ಪಿಬಿಟ್ಟರು.

ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಮೂತ್ರದ ದಾರಿಯಲ್ಲಿ ಬಿಟ್ಟು ಒಳಗೆ ನೋಡಬೇಕಿತ್ತು. ಅದಕ್ಕೂ ಮೊದಲು ಮರಗಟ್ಟಿಸುವ ಜೆಲ್ಲಿ ಹಾಕಿ, ಅದು ಹಿಡಿಯುವ ತನಕ ಕಾಯಬೇಕು. ರಬ್ಬರಿಗೆ ಏನು ಕಾಯುವುದೆಂದು ನಾನು ಕೊಳವೆ ನುಗ್ಗಿಸಿದೆ. ‘ಅಯ್ಯಯ್ಯೋ, ಉರಿ!’ ಎಂದು ಕಾಕಾ ಅರಚಿದರು. ನಾನು ಕಿಸಕ್ಕನೆ ನಕ್ಕೆ. ಫೇಲಾದೆ.

‘ಅದು ರಬ್ಬರ್ ಅಲ್ಲೇನ್ರೀ ಮೇಡಂ?’ ಎಂದೆ.

‘ನಿಮ್ ಕೈಗೆ ಅದು ಗೊತ್ತಾಗಲ್ಲ. ಇಲ್ಲಿ ಕಾಯ್ದೇ ಇರೋ ಕೈ ಅಲ್ಲೂ ಕಾಯಲ್ಲ’ ಎಂದರು ಮೇಡಂ. ಇನ್ನೊಮ್ಮೆ ತಪ್ಪಿದರೆ ಆ ವರ್ಷ ಆಪರೇಷನ್ ಕೋಣೆಯ ಹೊಸ್ತಿಲನ್ನೂ ದಾಟುವಂತಿರಲಿಲ್ಲ.

ಎರಡನೆಯ ಸಲ ಜೆಲ್ಲಿ ಹಾಕಿ ಕಾದೆ. ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ! ‘ಕಾಕಾ, ರಾಗಿ ಜೋಡಿ ಮತ್ತೇನ ಬೆಳೀತಿದ್ರಿ?’ ಎಂದು ಕೇಳಿದೆ.

‘ಅವರೆ, ಹುರುಳಿ...’ ಎಂದವರು ದನಿ ತಗ್ಗಿಸಿದರು. ‘ಡಾಕ್ಟ್ರಮ್ಮ, ಇದು ನಾಟ್ಕ ಅಲ್ಲ. ಒಂದಕ್ಕೆ ಹೋದ್ರೆ ರಕ್ತ ಬೀಳ್ತಿದೆ. ಮನೇಲಿ ಯಾರ್ಗೂ ಹೇಳಿಲ್ಲ. ಯಾರಾದ್ರೂ ಕೇಳ್ಲಿ ಅಂತಾನೇ ಇಲ್ಲಿಗೆ ಬಂದಿದ್ದು.’

ಗಾಜಿನಾಚೆ ಮೇಡಂ ನೋಡುತ್ತಿದ್ದರು, ಗಡಿಯಾರ ಓಡುತ್ತಿತ್ತು. ಕೊಳವೆಯನ್ನು ತಟ್ಟೆಯಲ್ಲಿಟ್ಟು, ಬೊಂಬೆಯನ್ನು ಪಕ್ಕಕ್ಕೆ ಸರಿಸಿ, ಕಾಕಾನ ಕೈ ಹಿಡಿದು ಕೂತೆ. ಎಂದಿನಿಂದ, ನೋವಿದೆಯೇ ಎಂದೆಲ್ಲ ಕೇಳುವಷ್ಟರಲ್ಲಿ ಸಮಯ ಮುಗಿಯಿತು. ಮೇಡಂ ಒಳಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡು, ಕಾಕಾನಿಗೆ ಸ್ಕ್ಯಾನ್‌ಗೆ ಬರೆದರು.

‘ನನ್ನ ಪರೀಕ್ಷಾ ಹೋತೇನ್ರೀ ಮೇಡಂ?’ ಎಂದೆ.

‘ಕಾದಿದ್ದಕ್ಕೆ ತಾನೆ ಅವ್ರು ಬಾಯಿಬಿಟ್ಟಿದ್ದು? ಬೊಂಬೆ ಕೆಲ್ಸ ನಾಳೆ ಮುಗ್ಸಿ.’

ಮರುದಿನ ಮುಗಿಸಿದೆ, ಪಾಸಾದೆ. ಸ್ಕ್ಯಾನ್ ಆಗಿ, ಕೊಳವೆ ಬಿಟ್ಟು ಒಳಗೆ ನೋಡಲು ಕಾಕಾನ ಸರದಿ ಬಂದಾಗ ಮೇಡಂ ಪಕ್ಕದಲ್ಲಿ ನಿಂತು ಕೊಳವೆಯನ್ನು ನನ್ನ ಕೈಗೇ ಕೊಟ್ಟರು. ಜೆಲ್ಲಿ ಹಾಕಿದೆ.

‘ಈಗ ಆಕ್ಟಿಂಗ್ ಅಲ್ಲ, ನಗ್ಬೇಡಿ ಮತ್ತೆ’ ಎಂದರು ಕಾಕಾ.

ನಾನು ನಗಲಿಲ್ಲ, ಅವರು ಅರಚಲಿಲ್ಲ. ಒಳಗೆ ಇದ್ದದ್ದು ಸಣ್ಣ ಕಲ್ಲು. ತೆಗೆದೆವು. ಇದನ್ನು ಬರೆಯಲೇ ಎಂದು ಕಾಕಾನನ್ನು ಕೇಳಿದ್ದಕ್ಕೆ ‘ಧಾರಾಳವಾಗಿ’ ಎಂದರು.

ಬೆಂಗಳೂರಿನಲ್ಲಿ ನಾನು ಬಾಯಿ ತೆಗೆದರೆ ಸಾಕು, ‘ಆ ಕಡೆಯವ್ರಾ?’ ಎನ್ನುತ್ತಾರೆ. ದೀಪಾವಳಿಗೆ ಊರಿಗೆ ಹೋದಾಗ ಹಳೆಯ ಆಸ್ಪತ್ರೆಯಲ್ಲಿ ಕೈಜೋಡಿಸಲು ನಿಂತೆ. ಮೂತ್ರ ಕಟ್ಟಿದ್ದ ಅಜ್ಜನೊಬ್ಬನಿಗೆ ಜೆಲ್ಲಿ ಹಾಕಿ ಕಾಯುತ್ತಿದ್ದೆ.

‘ಯಾಕ್ರೀ ಡಾಕ್ಟರ್, ನಿಂತೇ ಬಿಟ್ರಿ? ಮಂದಿ ಕಾಯಾಕತ್ತಾರ’ ಎಂದಳು ನರ್ಸ್.

‘ನಾನೂ ಕಾಯಾಕತ್ತೇನಿ’ ಎಂದೆ.

ಅಜ್ಜ ನನ್ನ ಮುಖ ನೋಡಿದ. ‘ಯಾವೂರಾಕಿ ಯವ್ವಾ ನೀ?’

‘ಇಲ್ಲೇ ಹುಟ್ಟಿದಾಕಿ ಅಜ್ಜಾ.’

ಅವನು ನಂಬಲಿಲ್ಲ. ‘ಇಲ್ಲಿಯವ್ರಿಗೆ ಇಷ್ಟ ಪುರಸೊತ್ತು ಎಲ್ಲೈತಿ?’ ಎಂದ.