ಮೇಲೊಂದು ಪಗಾರ, ಕೆಳಗೊಂದು ಪಗಾರ

ನನ್ನ ಸೋದರತ್ತೆಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋದಾಗ, ದವಾಖಾನೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮಾತಿಗೆ ಮಾತ್ರ ಏನೂ ಆಗಿಲ್ಲ, ಅದು ನಿಮ್ಮ ಪುಣ್ಯ ಅಂದರು. ಅವರು ಒಂದು ವಾರ ನಮ್ಮ ಮನೆಯಲ್ಲಿ ಇದ್ದಿದ್ದರೆ ಪುಣ್ಯ ಎನ್ನುವ ಪದವನ್ನು ಸ್ವಲ್ಪ ಯೋಚಿಸಿ ಬಳಸುತ್ತಿದ್ದರು.

ಸೋದರತ್ತೆಗೆ ನಾವು ಅನ್ನುವುದು ಅತ್ಯಾ ಅಂತ. ಅಜ್ಜನ ಕಾಲಕ್ಕೇ ಕಲಬುರಗಿಯಿಂದ ಸರಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದ ಮನೆತನ ನಮ್ಮದು. ಅತ್ಯಾ ಖಜಾನೆ ಕಚೇರಿಯಲ್ಲಿ ಮೂವತ್ತು ವರ್ಷದ ಮೇಲೆ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಎಷ್ಟೋ ಜನರ ಪಗಾರ, ಪಿಂಚಣಿ, ರಜೆಯ ಕಾಗದಗಳು ಆಕೆಯ ಸಹಿ ದಾಟಿಯೇ ಹೋಗಿದ್ದವು. ಮದುವೆ ಆಗಲಿಲ್ಲ. ಅಮ್ಮ ಇಲ್ಲದ ನನ್ನನ್ನು ಓದಿಸಿ, ಮದುವೆ ಮಾಡಿ ಕಳಿಸಿದವಳೂ ಆಕೆಯೇ. ಇನ್ನೊಬ್ಬರ ಹತ್ತಿರ ಒಂದು ಲೋಟ ನೀರು ಕೇಳಿ ಗೊತ್ತಿಲ್ಲದ ಹೆಂಗಸು. ಈಗ ಆಕೆಗೆ ಮಗ್ಗುಲು ಬದಲಿಸಬೇಕಾದರೂ ಇನ್ನೊಬ್ಬರ ಕೈ ಬೇಕಾಗಿತ್ತು.

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಕರೆತಂದ ದಿನವೇ ಅತ್ಯಾ ಷರತ್ತು ಹಾಕಿದಳು.

"ನನ್ನ ಖರ್ಚು ನನ್ನ ಪಿಂಚಣಿಯೊಳಗ ಆಗಬೇಕು. ಆಗಲಿಲ್ಲಾ, ನಿನ್ನ ಮನಿಯೊಳಗ ನಾ ಇರೂದಿಲ್ಲ. ಎಲ್ಲ್ಯಾರ ಆಶ್ರಮಕ್ಕ ಬಿಟ್ಟು ಬಾ."

ನನ್ನ ಗಂಡ ತಲೆ ಅಲ್ಲಾಡಿಸಿದರು. ಅವರು ಮದುವೆಯಾದಾಗಿನಿಂದ ಅತ್ಯಾನ ಎದುರು ಮಾಡುತ್ತಾ ಬಂದಿದ್ದು ಅದೊಂದೇ. ನಾನು ಅಡುಗೆಮನೆಗೆ ಹೋಗಿ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದೆ. ಪಿಂಚಣಿ ಎಷ್ಟು ಎಳೆದರೂ ಹಗಲಿನ ಆಯಾಗೆ ಸಾಕಾಗುತ್ತಿತ್ತು, ರಾತ್ರಿಯ ಆಯಾಗೆ ಇಲ್ಲ.

ಅದು ನಮ್ಮ ಊರಿಗೆ ಐಟಿ ಹುಚ್ಚು ಹಿಡಿದಿದ್ದ ಕಾಲ. ಬೆಳಿಗ್ಗೆ ನೋಡಿದ ಖಾಲಿ ಜಾಗದಲ್ಲಿ ಸಂಜೆಗೆ ಪಾಯ ತೋಡಿರುತ್ತಿದ್ದರು. ನಾನೂ ಒಂದು ಸಾಫ್ಟ್‌ವೇರ್ ಕಂಪನಿಯಲ್ಲೇ ಇದ್ದೆ. ಆದರೆ ಕಂಪ್ಯೂಟರಿನ ವಿದ್ಯೆ ನನಗೇನೂ ಗೊತ್ತಿರಲಿಲ್ಲ, ಯಾವ ಶಿಫ್ಟಿನವರಿಗೆ ಯಾವ ಕ್ಯಾಬು ಅಂತ ನೋಡಿಕೊಳ್ಳುವುದು ನನ್ನ ಕೆಲಸ. ನೂರಾರು ಜನರನ್ನು ಹೊತ್ತಿಗೆ ಸರಿಯಾಗಿ ಆಫೀಸಿಗೂ ಮನೆಗೂ ಮುಟ್ಟಿಸುತ್ತಿದ್ದ ನನಗೆ, ಎಂಟರಿಂದ ಎಂಟರ ತನಕ ಇಬ್ಬರು ಆಯಾಗಳನ್ನು ಹೊಂದಿಸುವುದರಲ್ಲಿ ಸಾಕುಬೇಕಾಯಿತು. ಏಜೆನ್ಸಿಯವನಿಗೆ ಫೋನು ಮಾಡಿದರೆ ಅವನು ನಮಗೇ ಉಪಕಾರ ಮಾಡುವವನ ಹಾಗೆ ಮಾತಾಡುತ್ತಿದ್ದ. ಬೇಕಾದರೆ ತಗೊಳ್ಳಿ, ನಿಮ್ಮ ಹಿಂದೆ ಹತ್ತು ಮನೆ ಕಾಯುತ್ತಿವೆ ಅನ್ನುತ್ತಿದ್ದ. ಅವನು ಕಳಿಸಿದ ಮೊದಲನೆಯವಳು ನಾಲ್ಕು ದಿನ ಟಿವಿ ನೋಡಿ ಹೋದಳು. ಎರಡನೆಯವಳಿಗೆ ಅತ್ಯಾ, ಹಾಸಿಗೆಯ ಮೇಲೆ ಚಾದರ ಹಾಸುವುದು ಹೇಗೆ ಅಂತ ಮಲಗಿದಲ್ಲಿಂದಲೇ ಪಾಠ ಮಾಡಿದಳು. ಆಕೆ ಮಧ್ಯಾಹ್ನ ಊಟಕ್ಕೆ ಅಂತ ಕೆಳಗಿಳಿದವಳು ಮತ್ತೆ ಮೇಲೆ ಹತ್ತಲಿಲ್ಲ.

ಮೂರನೆಯವಳು ನಿಂತಳು. ಯಾದಗಿರಿ ಕಡೆಯವಳು, ಮೂವತ್ತರ ಆಸುಪಾಸು, ಗಟ್ಟಿ ಆಳು. ಗಂಡ ಗಾಜಿನ ಕಟ್ಟಡಗಳಿಗೆ ಗಾರೆ ಕೆಲಸ ಮಾಡುತ್ತಿದ್ದ. ಮೊದಲು ಇವಳೂ ಅಲ್ಲೇ ಬುಟ್ಟಿ ಹೊತ್ತು, ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಕಲಿತಿದ್ದಳು. ಅತ್ಯಾ ಚಾದರದ ಪಾಠ ಶುರು ಮಾಡಿದಾಗ ಪೂರ್ತಿ ಕೇಳಿಸಿಕೊಂಡು, "ನೀವು ಹೇಳಿದಂಗ ಹಾಸಿದ್ರ ಬೆನ್ನಿಗಿ ಸುಕ್ಕು ಒತ್ತಿ ಹುಣ್ಣ ಆಗ್ತಾವ್ರಿ ಅಮ್ಮಾರ" ಅಂದು ತನಗೆ ಬೇಕಾದ ಹಾಗೇ ಹಾಸಿದಳು. ಅತ್ಯಾ ಬೆರಗಾಗಿ ನನ್ನ ಮುಖ ನೋಡಿದಳು. ಎದುರು ಮಾತಾಡುವ ಕೈಕೆಳಗಿನವರನ್ನು ಕಂಡರೆ ಆಕೆಗೆ ಮೊದಲಿನಿಂದಲೂ ಪ್ರೀತಿ. ರಾತ್ರಿಗೆ ಬಂದವಳು ಐವತ್ತು ದಾಟಿದ ತೆಲುಗಿನ ಹೆಂಗಸು, ಕೇಳಿದ್ದಕ್ಕಷ್ಟೇ ಉತ್ತರ. ಎರಡು ತಾಸಿಗೊಮ್ಮೆ ಅತ್ಯಾನ ಮಗ್ಗುಲು ಬದಲಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಇಬ್ಬರು ನಿಂತ ಮೇಲೆ ಅತ್ಯಾ ಕಚೇರಿ ತೆರೆದಳು. ಹಾಸಿಗೆಯ ಪಕ್ಕದ ಕ್ಯಾಲೆಂಡರೇ ಹಾಜರಿ ಪುಸ್ತಕ. ಏಜೆನ್ಸಿಯವರು ಆಯಾಗಳಿಗೆ ರಜೆಯನ್ನೇ ಕೊಡುವುದಿಲ್ಲ, ಬರದ ದಿನದ ಪಗಾರ ಹಿಡಿಯುತ್ತಾರೆ ಅಂತ ತಿಳಿದು ಆಕೆಗೆ ಮೈ ಉರಿದುಹೋಯಿತು. ಅಲ್ಲಿಯೇ ಆದೇಶ ಹೊರಟಿತು. ವರ್ಷಕ್ಕೆ ಹನ್ನೆರಡು ದಿನ ಸಾಂದರ್ಭಿಕ ರಜೆ, ಹದಿನೈದು ದಿನ ಪಗಾರ ಸಹಿತ ಗಳಿಕೆ ರಜೆ, ಜ್ವರ ಬಂದರೆ ಬೇರೆ. ಯಾದಗಿರಿಯವಳು ಇದನ್ನೆಲ್ಲ ಮುದುಕಿಯ ತಮಾಷೆ ಅಂದುಕೊಂಡು ನಕ್ಕಳು. ನಾನೂ ನಕ್ಕೆ. ಬದಲಿ ಆಯಾಗೆ ಯಾರು ಕೊಡಬೇಕು ಅಂತ ಆಗ ಹೊಳೆಯಲಿಲ್ಲ.

ಪಗಾರವೂ ಏಜೆನ್ಸಿಯ ಕೈಗೆ ಹೋಗಕೂಡದು, ಕೆಲಸ ಮಾಡಿದವರ ಕೈಗೆ ತಾನೇ ಕೊಡಬೇಕು ಅಂದಳು. ಏಜೆನ್ಸಿಯವನು ತನ್ನ ಕಮಿಷನ್ ಬೇರೆ ಕೊಟ್ಟರಾಯಿತು ಅಂತ ಒಪ್ಪಿದ. ಅಲ್ಲಿಗೆ ನನ್ನ ಸುಳ್ಳು ಶುರುವಾಯಿತು. ಇಬ್ಬರ ಪಗಾರವನ್ನೂ ನಾನು ಅತ್ಯಾಗೆ ಅರ್ಧಕ್ಕಿಳಿಸಿ ಹೇಳಿದೆ. ಅದು ಪಿಂಚಣಿಯೊಳಗೆ ಎಷ್ಟು ಚಂದ ಕೂತಿತೆಂದರೆ ಔಷಧಿಗೂ ಚಹಾಪುಡಿಗೂ ಬೇಕಾದಷ್ಟೇ ಉಳಿಯುತ್ತಿತ್ತು. ಇಷ್ಟು ನೀಟಾಗಿ ಹೊಂದುವ ಲೆಕ್ಕವನ್ನು ಖಜಾನೆಯವಳು ಹೇಗೆ ನಂಬಿದಳೋ, ನನಗೆ ಇವತ್ತಿಗೂ ತಿಳಿಯದು.

ತಿಂಗಳ ಒಂದನೇ ತಾರೀಖು ನಮ್ಮ ಮನೆಯಲ್ಲಿ ಸಣ್ಣ ಹಬ್ಬ. ಬೆಳಿಗ್ಗೆ ಎಂಟಕ್ಕೆ ಒಬ್ಬಳು ಹೋಗಿ ಒಬ್ಬಳು ಬರುವ ಹೊತ್ತು, ಇಬ್ಬರೂ ಇರುತ್ತಿದ್ದರು. ಅತ್ಯಾಗೆ ತಲೆ ಬಾಚಿ, ದಿಂಬು ಒರಗಿಸಿ ಕೂರಿಸುತ್ತಿದ್ದರು. ಎಡಗೈಲಿ ಹಣ ಕೊಡುವುದು ಅಪಚಾರ, ಬಲಗೈಗೆ ಜೀವ ಇಲ್ಲ. ಹಾಗಾಗಿ ಆಕೆ ಲಕೋಟೆಯನ್ನು ಬಲಗೈಯ ಬೆರಳುಗಳ ನಡುವೆ ಸಿಕ್ಕಿಸಿ, ಎಡಗೈಯಿಂದ ಆ ಬಲಗೈಯನ್ನು ಎತ್ತಿ ಮುಂದೆ ಚಾಚುತ್ತಿದ್ದಳು. ಹಣೆಯಲ್ಲಿ ಬೆವರು ಬರುತ್ತಿತ್ತು. ಯಾರಾದರೂ ಸಹಾಯಕ್ಕೆ ಕೈ ಹಾಕಿದರೆ ಬೈಗುಳ ಗ್ಯಾರಂಟಿ. ಆ ಹೊತ್ತು ಆಕೆಯ ಮುಖ ನೋಡಬೇಕಿತ್ತು. ತಾನು ಯಾರ ಮೇಲೂ ಭಾರವಲ್ಲ ಅನ್ನುವ ಠೀವಿ ತಿಂಗಳಿಗೊಂದು ದಿನ ಆ ಮುಖಕ್ಕೆ ಬರುತ್ತಿತ್ತು. ಅದನ್ನು ನೋಡಿದಾಗ ನನ್ನ ಸುಳ್ಳಿನ ಬಗ್ಗೆ ನನಗೆ ಒಂದಿಷ್ಟೂ ನಾಚಿಕೆ ಆಗುತ್ತಿರಲಿಲ್ಲ.

ಉಳಿದರ್ಧ ಕೆಳಗೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ. ಆಫೀಸಿಗೆ ಹೋಗುವ ಮುಂಚೆ ನಾನು ಒಬ್ಬೊಬ್ಬರಿಗೇ ಕೊಡುತ್ತಿದ್ದೆ. ವಾಚ್‌ಮನ್ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದ. ಮೇಲಿನದು ಅಮ್ಮಾರ ಪಗಾರ, ಕೆಳಗಿನದು ಅಕ್ಕಾರ ಪಗಾರ ಅಂತ ಯಾದಗಿರಿಯವಳು ಹೆಸರಿಟ್ಟಿದ್ದಳು. ನನ್ನ ಸಂಬಳದ ದೊಡ್ಡ ಪಾಲು ಹೀಗೆ ಹೋಗುತ್ತಿತ್ತು. ಹೊಸ ಫ್ರಿಜ್ಜು ಮುಂದಕ್ಕೆ ಹೋಯಿತು, ಆಮೇಲೆ ಇನ್ನೂ ಮುಂದಕ್ಕೆ ಹೋಯಿತು. ಗಂಡ ಒಂದು ದಿನವೂ ಅದರ ಮಾತೆತ್ತಲಿಲ್ಲ, ಅವರ ತಲೆ ಅಲ್ಲಾಡಿಸುವ ಸ್ವಭಾವಕ್ಕೆ ನಾನು ಯಾವತ್ತೂ ಋಣಿ.

ಹದಿನಾಲ್ಕು ತಿಂಗಳು ಈ ನಾಟಕ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಯಾದಗಿರಿಯವಳ ತಂಗಿಗೆ ಮದುವೆ ಗೊತ್ತಾಯಿತು. ಆಕೆ ನಾಚುತ್ತಾ ಅತ್ಯಾನ ಮುಂದೆ ನಿಂತು ನಾಲ್ಕು ದಿನ ಬಿಡ್ತೀರೇನ್ರಿ ಅಂದಳು. ನಿನ್ನ ಖಾತೆಯಲ್ಲಿ ಹದಿನೈದು ದಿನ ಇರುವಾಗ ನಾಲ್ಕು ಯಾಕೆ ಕೇಳುತ್ತೀ ಅಂತ ಅತ್ಯಾ ಗದರಿಸಿ, ಪೂರ್ತಿ ಹದಿನೈದು ದಿನ ಮಂಜೂರು ಮಾಡಿದಳು. ಜೊತೆಗೆ ನನ್ನ ಕೈಲಿ ಬೇಗಂ ಬಜಾರಿನಿಂದ ಒಂದು ಸ್ಟೀಲಿನ ಕೊಡವನ್ನೂ ತರಿಸಿ ಮದುವೆಗೆ ಕೊಟ್ಟಳು. ಹಣ ಪಿಂಚಣಿಯದೇ.

ಬದಲಿಗೆ ಏಜೆನ್ಸಿಯಿಂದ ಒಬ್ಬ ಹುಡುಗಿ ಬಂದಳು. ಚುರುಕು, ಕೆಲಸವೂ ಪರವಾಗಿಲ್ಲ. ಆಕೆಗೆ ಔಷಧಿಯ ಹೊತ್ತು ಹೇಳಿದೆ, ಗಾಳಿ ಹಾಸಿಗೆಯ ಸ್ವಿಚ್ಚು ತೋರಿಸಿದೆ, ಅತ್ಯಾಗೆ ಚಹಾ ಎಷ್ಟು ಬಿಸಿ ಬೇಕು ಅಂತಲೂ ಹೇಳಿದೆ. ಕೆಳಗಿನ ಪಗಾರದ ವಿಷಯ ಹೇಳಲು ಮರೆತೆ. ಕ್ಯಾಬಿನ ಲೆಕ್ಕದಲ್ಲಿ ಒಂದೂ ತಪ್ಪು ಮಾಡದ ಹೆಂಗಸು ನಾನು.

ಹದಿನೈದನೇ ದಿನ ಬೆಳಿಗ್ಗೆ ಹುಡುಗಿ ಕೊನೆಯ ದಿನದ ಕೆಲಸಕ್ಕೆ ಬಂದಿದ್ದಳು. ನಾನು ಅಡುಗೆಮನೆಯಲ್ಲಿ ಅವಲಕ್ಕಿ ಕಲಸುತ್ತಿದ್ದೆ. ಅತ್ಯಾ ಎಂದಿನ ಹಾಗೆ ಬಲಗೈ ಎತ್ತಿ ಲಕೋಟೆ ಕೊಟ್ಟಳು. ಹುಡುಗಿ ಅಲ್ಲಿಯೇ ಬಿಚ್ಚಿ ಎಣಿಸಿ, ಇದೇನು ಅರ್ಧವೇ ಇದೆ, ಏಜೆನ್ಸಿಯಲ್ಲಿ ಹೇಳಿದ್ದು ಇದರ ಎರಡರಷ್ಟು ಅಂತ ತೆಲುಗಿನಲ್ಲಿ ಜಗಳಕ್ಕೇ ನಿಂತಳು. ಆಗ ನಮ್ಮ ರಾತ್ರಿಯ ಆಯಾ, ಹದಿನಾಲ್ಕು ತಿಂಗಳಲ್ಲಿ ಕೇಳದೆ ಒಂದು ಮಾತೂ ಆಡದವಳು, ನನ್ನನ್ನು ಕಾಪಾಡಲು ಮುಂದೆ ಬಂದಳು. ಕೂಗಬೇಡ, ಉಳಿದದ್ದನ್ನು ಅಕ್ಕ ಕೆಳಗೆ ಸ್ಕೂಟರಿನ ಹತ್ತಿರ ಕೊಡುತ್ತಾರೆ, ನಮಗೆಲ್ಲ ಹಾಗೇ ಕೊಡುವುದು ಅಂದಳು. ಅತ್ಯಾಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು.

ನಾನು ಅವಲಕ್ಕಿಯ ಕೈಯಲ್ಲೇ ಬಂದು ನಿಂತೆ. ಅತ್ಯಾ ಎಷ್ಟು ದಿನದಿಂದ ಅಂತ ಕೇಳಿದಳು. ಮೊದಲಿನಿಂದ ಅಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಶಂಶಾಬಾದ್ ಕಡೆ ಒಂದು ಆಶ್ರಮ ಇದೆಯಂತಲ್ಲ, ಬರುವ ಭಾನುವಾರ ನೋಡಿ ಬರೋಣ ಅಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಮುಖವನ್ನಾದರೂ ತಾನೇ ತಿರುಗಿಸಬಲ್ಲವಳಾಗಿದ್ದಳು.

ಮರುದಿನ ಯಾದಗಿರಿಯವಳು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಾಗ ಮನೆ ಸಪ್ಪೆಯಾಗಿತ್ತು. ಸುದ್ದಿ ತಿಳಿದು ಆಕೆ ನನ್ನ ಮೇಲೆಯೇ ಸಿಟ್ಟಾದಳು. ಒಂದು ಮಾತು ಆ ಹುಡುಗಿಗೆ ಹೇಳಬೇಡವೇ ಅಂತ. ನ್ಯಾಯವಾದ ಸಿಟ್ಟು. ಭಾನುವಾರದ ತನಕ ಅತ್ಯಾ ನನ್ನ ಜೊತೆ ಔಷಧಿ, ಚಹಾ ಎರಡನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ಆಫೀಸಿನಲ್ಲಿ ಕೂತು ಅಳುತ್ತಿದ್ದೆ, ಡ್ರೈವರುಗಳು ಬಂದು ಏನಾಯಿತು ಮೇಡಂ ಅನ್ನುತ್ತಿದ್ದರು.

ಭಾನುವಾರ ಗಂಡ ಗೆಳೆಯರೊಬ್ಬರ ದೊಡ್ಡ ಕಾರು ತಂದರು. ಯಾದಗಿರಿಯವಳು ಅತ್ಯಾನನ್ನು ಅಪ್ಪಿ ಹಿಡಿದು ಗಾಲಿಕುರ್ಚಿಯಿಂದ ಸೀಟಿಗೆ ಕೂರಿಸಿದಳು. ಲಕ್ವ ಹೊಡೆದ ಮೇಲೆ ದವಾಖಾನೆ ಬಿಟ್ಟು ಬೇರೆಲ್ಲೂ ಹೋಗದಿದ್ದ ಅತ್ಯಾ, ದಾರಿಯುದ್ದಕ್ಕೂ ಹೊಸ ಕಟ್ಟಡಗಳನ್ನು ನೋಡುತ್ತಾ ಕೂತಳು. ಒಂದು ವಿಮಾನ ತಲೆಯ ಮೇಲೇ ಹಾದುಹೋದಾಗ ಕತ್ತು ಬಗ್ಗಿಸಿ ಅದು ಇಳಿಯುವ ತನಕ ನೋಡಿದಳು.

ಆಶ್ರಮ ಚೆನ್ನಾಗಿತ್ತು. ಅದೇ ನನ್ನ ದುರದೃಷ್ಟ. ಕೊಳಕಾಗಿರಲಿ, ವಾಸನೆ ಹೊಡೆಯಲಿ ಅಂತ ದೇವರಿಗೆ ಬೇಡಿಕೊಂಡೇ ಹೋಗಿದ್ದೆ. ಅಂಗಳದಲ್ಲಿ ಬೇವಿನ ಮರ, ಸ್ವಚ್ಛ ಕೋಣೆಗಳು, ವಾರಕ್ಕೊಮ್ಮೆ ಡಾಕ್ಟರು. ತಿಂಗಳ ದುಡ್ಡೂ ಪಿಂಚಣಿಯೊಳಗೇ. ಅತ್ಯಾನ ಮುಖ ಸಡಿಲವಾಗುತ್ತಾ ಬಂತು. ಮ್ಯಾನೇಜರ್ ಫಾರ್ಮು ತರಲು ಹೊರಟಾಗ ಅತ್ಯಾ, ಅಲ್ಲಿದ್ದ ಆಯಾಳನ್ನು ಹತ್ತಿರ ಕರೆದು ವಿಚಾರಣೆ ಶುರು ಮಾಡಿದಳು. ನೀನು ಎಷ್ಟು ಜನರನ್ನು ನೋಡಿಕೊಳ್ಳುತ್ತೀ? ಹನ್ನೊಂದು. ರಜೆ ಎಷ್ಟು? ಆ ಹೆಂಗಸು ಪ್ರಶ್ನೆಯೇ ಅರ್ಥವಾಗದೆ ನಕ್ಕಳು. ಫಾರ್ಮು ಹಿಡಿದು ಬಂದ ಮ್ಯಾನೇಜರ್, ಅತ್ಯಾಗೆ ಧೈರ್ಯ ಹೇಳುವವರ ಹಾಗೆ, ನಮ್ಮಲ್ಲಿ ಯಾರೂ ರಜೆ ಹಾಕುವ ಪದ್ಧತಿಯೇ ಇಲ್ಲ ಅಮ್ಮ, ಚಿಂತೆ ಮಾಡಬೇಡಿ ಅಂದರು.

ಅತ್ಯಾ ಯಾದಗಿರಿಯವಳ ಕಡೆ ತಿರುಗಿ, ಕುರ್ಚಿ ತಿರುಗಿಸು ಅಂದಳು. ಗೇಟಿನ ತನಕ ಬಂದ ಮ್ಯಾನೇಜರಿಗೆ ಅರ್ಧ ತಾಸು ಸೇವಾ ನಿಯಮ ಬೋಧಿಸಿ ಕಾರು ಹತ್ತಿದಳು. ನನಗೆ ನಗು ತಡೆಯಲಾಗಲಿಲ್ಲ. ಯಾದಗಿರಿಯವಳು ನನ್ನ ತೊಡೆ ಚಿವುಟಿ ಸುಮ್ಮನಿರಿಸಿದಳು, ಯಾಕೆಂದರೆ ವಿಷಯ ಇನ್ನೂ ಮುಗಿದಿರಲಿಲ್ಲ. ಆಶ್ರಮ ಬೇಡವಾಯಿತು ಅಂದ ಮಾತ್ರಕ್ಕೆ ಪಿಂಚಣಿ ಹೆಚ್ಚಾಗುವುದಿಲ್ಲ, ಅದು ಎಲ್ಲರಿಗಿಂತ ಚೆನ್ನಾಗಿ ಅತ್ಯಾಗೆ ಗೊತ್ತು.

ಒಂದು ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅತ್ಯಾ ಕಿಟಕಿಯ ಕಡೆಯೇ ನೋಡುತ್ತಾ ಅಂದಳು.

"ನನಗ ಇನ್ನೊಬ್ಬರ ಕಡೆ ತಗೊಂಡು ರೂಢಿ ಇಲ್ಲ. ಈಗ ಕಲೀಬೇಕಾಗ್ಯದ."

ನಾನು ಬಾಯಿ ತೆರೆಯುವ ಮುಂಚೆಯೇ ಕೈ ಎತ್ತಿ ತಡೆದಳು.

"ಉಳಿದದ್ದು ನೀ ಕೊಡು. ಆದರ ಕದ್ದು ಕೊಡಬ್ಯಾಡ. ನನ್ನ ಮುಂದ ಕೊಡು, ನಾ ನೋಡಬೇಕು."

ಹಸಿರು ದೀಪ ಬಿದ್ದು, ಹಿಂದಿನವರೆಲ್ಲ ಹಾರ್ನು ಹೊಡೆಯುತ್ತಿದ್ದರೂ ನನ್ನ ಗಂಡ ಕಾರು ಬಿಡುವುದನ್ನೇ ಮರೆತಿದ್ದರು. ನಾನು ಜೋರಾಗಿ ಅತ್ತುಬಿಟ್ಟೆ. ಅತ್ಯಾ ನನಗೆ, ಇಷ್ಟಕ್ಕೆ ಅಳುವವಳು ನೂರು ಕ್ಯಾಬು ಹೇಗೆ ನಡೆಸುತ್ತೀ ಅಂತ ಬೈದಳು. ಅಷ್ಟು ದಿನದ ಮೇಲೆ ಬಿದ್ದ ಮೊದಲ ಬೈಗುಳ ಅದು.

ಆಮೇಲೆ ಆಕೆ ನಾಲ್ಕು ವರ್ಷ ಬದುಕಿದಳು. ಪ್ರತಿ ತಿಂಗಳೂ ಹಾಸಿಗೆಯ ಪಕ್ಕದಲ್ಲಿ ಕೂತು, ಆಕೆ ನೋಡುತ್ತಿರುವಾಗ ನನ್ನ ಪಾಲನ್ನು ಕೊಟ್ಟೆ. ಅಷ್ಟು ಸಂತೋಷದಿಂದ ನಾನು ಬೇರೆ ಯಾವುದಕ್ಕೂ ಹಣ ಕೊಟ್ಟಿಲ್ಲ.