ಆರ್ಡೆಲ್‌ಳ ಎಡ ಹಿಮ್ಮಡಿ

ಲೆಮ್ಯುಯೆಲ್ ಪೆಟಿಗ್ರೂ ಹನ್ನೊಂದು ವರ್ಷ ಪರಹೆಂಗಸಿನ ಹಿಮ್ಮಡಿ ನೋಡಿಕೊಂಡೇ ಬದುಕಿದ. ಹೀಗಂದರೆ ಅವನ ಹೆಂಡತಿ ಕೊರಿನ್ ಕೂಡ ನಗುತ್ತಾಳೆ. ವಾರವೆಲ್ಲ ಡೈಮಂಡ್ ಬೀದಿಯ ಲಾಂಡ್ರಿಯಲ್ಲಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದ. ಶನಿವಾರ, ಭಾನುವಾರ ಆರ್ಡೆಲ್ ಮತ್ತು ಕ್ಲೀವನ್ ಎಂಬ ಅಕ್ಕ-ತಮ್ಮಂದಿರ ಹಾಡಿಗೆ ಬೇಸ್ ಗಿಟಾರ್ ನುಡಿಸುತ್ತಿದ್ದ. ನಾನು ಅದೇ ತಂಡದಲ್ಲಿ ಟ್ರೊಂಬೋನ್ ಊದುವವನು. ಆ ಇಬ್ಬರ ಹೆಸರು ಗೊತ್ತಿಲ್ಲದ ಮನೆ ಫಿಲಡೆಲ್ಫಿಯಾದಲ್ಲಿ ಇರಲಿಲ್ಲ. ನಮ್ಮ ಹೆಸರು ನಮ್ಮ ನಮ್ಮ ಹೆಂಡಿರಿಗೆ ಗೊತ್ತಿತ್ತು.

ಆರ್ಡೆಲ್ ಚರ್ಚಿನಲ್ಲಿ ಹಾಡಿ ಬೆಳೆದವಳು. ಮನಸ್ಸು ಬಂದರೆ ಒಂದೇ ಸಾಲನ್ನು ನಾಲ್ಕು ಸಲವೂ ಹಾಡಿಯಾಳು, ಹದಿನಾಲ್ಕು ಸಲವೂ ಹಾಡಿಯಾಳು. ಮುಂದಿನ ಸ್ವರಕ್ಕೆ ಯಾವಾಗ ಹೊರಳಬೇಕೆಂದು ಹೇಳುವ ಪೈಕಿ ಅಲ್ಲ. ಆದರೆ ಹೊರಳುವ ಮುಂಚೆ ಅವಳ ಎಡ ಹಿಮ್ಮಡಿ ಒಂದು ಬೆರಳಷ್ಟು ಏಳುತ್ತಿತ್ತು. ಅದನ್ನು ಪತ್ತೆ ಹಚ್ಚಿದವನು ಲೆಮ್ಯುಯೆಲ್, ನಮ್ಮೆಲ್ಲರ ಲೆಮ್. ಅವನು ಹಿಮ್ಮಡಿ ನೋಡುತ್ತಿದ್ದ, ನಾವು ಒಂಬತ್ತು ಜನ ಅವನ ಬೇಸ್ ಕೇಳಿ ಹೊರಳುತ್ತಿದ್ದೆವು.

ಎಪ್ಪತ್ತಮೂರರ ಈಸ್ಟರ್ ಹೊತ್ತಿಗೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಮನೆಯಲ್ಲಿ ಕೊರಿನ್ ಬಿಟ್ಟರೆ ನನಗೊಬ್ಬನಿಗೆ ಹೇಳಿದ.

"ಆರ್ಡೆಲ್ ಬಿಳೀ ಬೂಟ್ ಹಾಕ್ತಾಳಲ್ಲ, ಅಷ್ಟು ಕಾಣ್ಸತ್ತೆ. ಸಾಕು. ನೀನ್ ಎಲ್ಲೂ ಬಾಯ್ ಬಿಡ್ಬೇಡ."

"ಬಾಯಲ್ಲಿ ಟ್ರೊಂಬೋನ್ ಇರತ್ತಲ್ಲೋ, ಎಲ್ಲಿಂದ ಬಿಡ್ಲಿ?"

ನಗಿಸಲು ಹಾಗಂದೆ, ಅಷ್ಟೇ. ಒಳಗೆ ನನಗೇ ದಿಗಿಲಾಗಿತ್ತು. ತಾಳ ತಪ್ಪಿದ ಡ್ರಮ್ಮರ್‌ಗೆ ಕ್ಲೀವನ್ ಅದೇ ವಾರ ಬಾಗಿಲು ತೋರಿಸಿದ್ದ. ತಂಡ ಬಿಟ್ಟರೆ ಲೆಮ್‌ಗೆ ಉಳಿಯುವುದು ಇಸ್ತ್ರಿಪೆಟ್ಟಿಗೆ, ಅದಕ್ಕೂ ಕಣ್ಣು ಬೇಕು.

ಜೂನ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರಕ್ಕೆ ಥಿಯೇಟರಿನಲ್ಲಿ ಟಿಕೆಟ್ ಇಟ್ಟ ಕಾರ್ಯಕ್ರಮ. ಮೂರನೆಯ ಹಾಡಿನಲ್ಲಿ ಆರ್ಡೆಲ್‌ಗೆ ಆವೇಶ ಬಂತು. ನಮ್ಮ ಚರ್ಚಿನ ಹೆಂಗಸರಿಗೆ ಮೈಮೇಲೆ ಬಂದರೆ ಬೂಟು ಕಾಲಲ್ಲಿ ನಿಲ್ಲುವುದಿಲ್ಲ. ಅವಳು ಕಾಲು ಝಾಡಿಸಿದಳು, ಎಡಗಾಲಿನ ಬಿಳಿ ಬೂಟು ಮೇಲಕ್ಕೆ ಹಾರಿತು. ಬಿಳಿ ಎದ್ದದ್ದು ಕಂಡು ಲೆಮ್ ಹೊರಳಿದ. ಅವನನ್ನು ನಂಬಿದ ನಾವೆಲ್ಲ ಕುರಿಗಳ ಹಾಗೆ ಹಿಂದೆಯೇ ಹೊರಳಿದೆವು. ಹಳೆಯ ಸ್ವರದಲ್ಲಿ ಆರ್ಡೆಲ್ ಒಬ್ಬಳೇ ಉಳಿದಳು.

ಬಿಡುವಿನಲ್ಲಿ ಕ್ಲೀವನ್ ನೇರ ಅವನ ಮುಂದೆ ಬಂದು ನಿಂತ. "ಏನಯ್ಯಾ, ನಿಂತ್ಕೊಂಡೇ ನಿದ್ದೆ ಹೊಡೀತಿದ್ಯಾ? ಇಡೀ ಊರಿನ ಮುಂದೆ ನಮ್ಮಕ್ಕನ್ ಮಾನ ಕಳೆದ್ಯಲ್ಲ!"

ಆರ್ಡೆಲ್ ತಮ್ಮನನ್ನು ಪಕ್ಕಕ್ಕೆ ಸರಿಸಿದಳು.

"ಲೆಮ್, ಎಷ್ಟು ಬೆರಳು ತೋರಿಸ್ತಿದೀನಿ ಹೇಳು."

ಅವನು ಕಣ್ಣು ಕಿರಿದು ಮಾಡಿ, "ಮೂರು" ಅಂದ.

ಅವಳ ಎರಡು ಕೈಯೂ ಬೆನ್ನ ಹಿಂದಿದ್ದವು. ಕ್ಲೀವನ್ ಬಗ್ಗಿ ಲೆಮ್‌ನ ಕಣ್ಣುಗಳನ್ನು ನೋಡಿದ. ನನಗೆ ಅಳು ಬಂತು, ಗೋಡೆ ಕಡೆ ತಿರುಗಿದೆ.

"ಕಣ್ಣು ತಾನೆ ಹೋಗಿರೋದು?" ಅಂದಳು ಆರ್ಡೆಲ್. "ಕಿವಿ ಇದೆಯಲ್ಲ. ಬಾ."

ಹಾರಿದ ಬೂಟನ್ನು ಮತ್ತೆ ಹಾಕಿಕೊಂಡವಳು ಉಳಿದರ್ಧದಲ್ಲಿ ಅದನ್ನು ಕಳಚಲಿಲ್ಲ. ಹೊರಳುವ ಮುಂಚೆ ಹಲಗೆ ಅದುರುವ ಹಾಗೆ ಧಡ್ ಎಂದು ಹಿಮ್ಮಡಿ ಕುಟ್ಟಿದಳು. ಇದೇನೋ ಹೊಸ ವರಸೆ ಎಂದುಕೊಂಡು ಜನವೂ ಕಾಲು ಕುಟ್ಟತೊಡಗಿತು. ಲೆಮ್ ಒಂದು ಕಡೆಯೂ ತಪ್ಪಲಿಲ್ಲ.

ಕೊನೆಯಲ್ಲಿ ತಂಡದವರ ಹೆಸರು ಹೇಳುವ ಪದ್ಧತಿ. ಕ್ಲೀವನ್ ಯಾವಾಗಲೂ ನಮ್ಮ ಹೆಸರುಗಳನ್ನು ಅರ್ಧ ನುಂಗಿಯೇ ಹೇಳುವವನು. ಆ ದಿನ ಲೆಮ್ ಹತ್ತಿರ ಬಂದು ನಿಂತು, ಅವನ ಹೆಗಲ ಮೇಲೆ ಕೈ ಇಟ್ಟ.

"ಲೆಮ್ಯುಯೆಲ್ ಪೆಟಿಗ್ರೂ. ಹನ್ನೊಂದು ವರ್ಷ ನಮ್ಮಿಬ್ಬರನ್ನೂ ದಾರಿ ತಪ್ಪದ ಹಾಗೆ ನೋಡ್ಕೊಂಡೋನು."

ಆಯಿತು, ಬೀಳ್ಕೊಡುತ್ತಿದ್ದಾನೆ ಎಂದುಕೊಂಡೆ. ಲೆಮ್ ಕೂಡ ಹಾಗೇ ಅಂದುಕೊಂಡ. ಗಿಟಾರಿನ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆಯತೊಡಗಿದ. ಕ್ಲೀವನ್ ಅದನ್ನು ತಿರುಗಿ ಅವನ ಕುತ್ತಿಗೆಗೇ ಹಾಕಿದ.

"ಮುಂದಿನ ಭಾನುವಾರಾನೂ ಇವನೇ. ಅದರ ಮುಂದಿನ ಭಾನುವಾರಾನೂ."

ಸಭೆ ಎದ್ದು ನಿಂತಿತು. ಲೆಮ್ ಮಾತ್ರ ಎಂದಿನಂತೆ ತಲೆ ತಗ್ಗಿಸಿಕೊಂಡು ತಂತಿ ಒರೆಸುತ್ತಿದ್ದ. ಕಿವಿಗೆ ಬೀಳುವ ಚಪ್ಪಾಳೆಯಲ್ಲಿ ಕೂತವರದು, ನಿಂತವರದು ಎಂಬ ಭೇದವಿಲ್ಲವಲ್ಲ.

ಮೇಲಿನ ಅಂತಸ್ತಿನಿಂದ ಕೊರಿನ್ ಗಂಟಲು ಹರಿಯುವ ಹಾಗೆ ಕೂಗಿದಳು: "ಲೆಮ್! ಎಲ್ರೂ ಎದ್ದು ನಿಂತಿದಾರೆ ಕಣೋ! ಪಾದ್ರಿಗಳೂ ನಿಂತಿದಾರೆ!"

ಹನ್ನೊಂದು ವರ್ಷದಲ್ಲಿ ಮೊದಲ ಸಲ ಲೆಮ್ ಮೈಕಿನ ಹತ್ತಿರ ಬಾಗಿದ.

"ಕೂತ್ಕೊಳ್ಳಿ," ಅಂದ. "ದುಡ್ಡು ಕೊಟ್ಟಿರೋದು ಕುರ್ಚಿಗಲ್ವಾ?"

ಯಾರೂ ಕೂರಲಿಲ್ಲ. ಕೊರಿನ್ ಅದನ್ನೂ ಕೂಗಿ ಹೇಳಿದಳು.