ಹಾಳೆತಟ್ಟೆಯ ಟಪಾಲು

ಸೂರತ್ತಿನ ಅಡಾಜಣ್‌ನಲ್ಲಿರುವ ಗಣಪತಿಯವರ ಹೋಟೆಲಿನ ಬೋರ್ಡಿನ ಮೇಲೆ ‘ಅಪ್ಪಟ ಉಡುಪಿ ರುಚಿ’ ಎಂದಿದೆ. ಬೋರ್ಡಿಗೇನು, ಬರೆಸಿದ್ದನ್ನು ಹೇಳುತ್ತದೆ.

ಒಂಬತ್ತು ವರ್ಷದ ಹಿಂದೆ ಈ ಮನುಷ್ಯ ವಡೋದರಾದ ಅಲ್ಕಾಪುರಿಯಲ್ಲಿ ಅಣ್ಣ ಸುಬ್ಬರಾಯರ ಜೊತೆ ಹೋಟೆಲು ನಡೆಸುತ್ತಿದ್ದರು. ಗುಜರಾತಿ ಗಿರಾಕಿಗಳಿಗೆಂದು ಅಣ್ಣ ಸಾಂಬಾರಿಗೆ ಒಂದು ಸೌಟು ಸಕ್ಕರೆ ಹಾಕಿದ್ದೇ ಹಾಕಿದ್ದು, ತಮ್ಮನ ಪಾಲಿಗೆ ಧರ್ಮವೇ ಮುಳುಗಿಹೋಯಿತು. “ಅಮ್ಮನ ಸಾಂಬಾರಿಗೆ ಸಕ್ಕರೆ ಹಾಕಿದವ ನನಗೆ ಅಣ್ಣನೇ ಅಲ್ಲ!” ಎಂದು ಮೈಮೇಲೆ ಬಂದವರಂತೆ ಕೂಗಾಡಿ ಸೂರತ್ತಿಗೆ ಬಂದರು. ಆರೇ ತಿಂಗಳಲ್ಲಿ ಕೂತು ನೊಣ ಹೊಡೆಯುವಂತಾದಾಗ ತಾವೂ ಹಾಕತೊಡಗಿದರು. ಒಂದಲ್ಲ, ಎರಡು ಸೌಟು! ಹೇಳೋದು ಶಾಸ್ತ್ರ, ಹಾಕೋದು ಗಾಳ. ಈ ಗುಟ್ಟು ಹೆಂಡತಿ ವಿಮಲಾಗೆ ಮಾತ್ರ ಗೊತ್ತು.

ಈಗ ಮಗಳು ದಿವ್ಯಾಳ ನಿಶ್ಚಿತಾರ್ಥಕ್ಕೆ ಉಳಿದಿರುವುದು ಮೂರೇ ವಾರ. ದೊಡ್ಡಪ್ಪ ಬಾರದೆ ಉಂಗುರಕ್ಕೆ ಬೆರಳು ಕೊಡುವುದಿಲ್ಲವೆಂದು ಅವಳ ಹಠ. ಅಣ್ಣ ಫೋನೆತ್ತುವುದಿಲ್ಲ. ಬರೆದ ಎರಡು ಪತ್ರಗಳೂ ಒಡೆಯದೆಯೇ ವಾಪಸು ಬಂದಿದ್ದವು.

“ಅಪ್ಪಾ, ಕವರೇ ಬೇಡ, ಮೇಲ್ ಆರ್ಟ್ ಮಾಡುವ,” ಎಂದಳು ಚಿತ್ರಕಲೆ ಕಲಿತ ದಿವ್ಯಾ. “ಮನೆಯಲ್ಲಿ ಸಿಕ್ಕಿದ ವಸ್ತುವಿನ ಮೇಲೆ ಚಿತ್ರ ಬಿಡಿಸಿ, ಸ್ಟ್ಯಾಂಪ್ ಅಂಟಿಸಿ ಹಾಗೇ ಪೋಸ್ಟ್ ಮಾಡೋದು. ಬೇಡ ಅಂದ್ರೂ ದೊಡ್ಡಪ್ಪನ ಕಣ್ಣಿಗೆ ಬೀಳ್ತದೆ.”

ಕಲಾವಿದ ಗಣಪತಿಯವರು ಊಟದ ಅಡಿಕೆ ಹಾಳೆತಟ್ಟೆಯೊಂದನ್ನು ಎತ್ತಿಕೊಂಡರು. ಬಣ್ಣಕ್ಕೆ ದುಡ್ಡು ದಂಡವೇಕೆ, ಒಲೆಯ ಮೇಲೆ ಸಾಂಬಾರಿತ್ತಲ್ಲ! ಅದನ್ನೇ ಗಟ್ಟಿಯಾಗಿ ಕುದಿಸಿ, ಬೆರಳದ್ದಿ, ಒಲೆಯ ಮುಂದೆ ಕೂತ ಅಮ್ಮನನ್ನು ಬಿಡಿಸಿದರು.

“ಇದೆಂತ ಮಾರಾಯ್ರೆ, ಅತ್ತೆಯಾ ಕುಂಬಳಕಾಯಿಯಾ?” ಎಂದರು ವಿಮಲಾ.

ಗಣಪತಿ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿತ್ರದ ಕೆಳಗೆ ‘ಅಣ್ಣಾ, ನಾನಿನ್ನೂ ಅಮ್ಮನ ರುಚಿ ಬಿಟ್ಟಿಲ್ಲ. ದಿವ್ಯಾಳ ನಿಶ್ಚಿತಾರ್ಥಕ್ಕೆ ಬಾ’ ಎಂದು ಪೆನ್ನಿನಲ್ಲಿ ಬರೆದರು. ಕರೆಯುವಾಗಲೂ ಕೊಬ್ಬು ನೋಡಿ!

ಅಂಚೆ ಕಚೇರಿಯ ಹುಡುಗಿ ತಟ್ಟೆಯನ್ನು ತಿರುಗಿಸಿ, ಮೂಸಿ, “ಕಾಕಾ, ಆ ಶೂಂ ಛೇ?” ಎಂದು ಇದೇನೆಂಬಂತೆ ಕೇಳಿದಳು.

“ಕಲಾ,” ಎಂದರು ಗಣಪತಿ ಗಂಭೀರವಾಗಿ. ಅವಳು ನಗು ತಡೆದುಕೊಂಡು ಮೊಹರು ಒತ್ತಿದಳು.

ಐದು ದಿನ ಕಳೆಯಿತು, ಉತ್ತರವಿಲ್ಲ. ಗಣಪತಿ ಗಲ್ಲಾ ಬಿಟ್ಟು ಬಾಗಿಲಲ್ಲೇ ನಿಲ್ಲತೊಡಗಿದರು. ಪೋಸ್ಟ್‌ಮ್ಯಾನ್ ಬರಿಗೈಲಿ ದಾಟಿಹೋದಾಗಲೆಲ್ಲ ಅಣ್ಣನ ಮೇಲೆ ಸಿಟ್ಟು ಬರುತ್ತಿತ್ತು, ಹಿಂದೆಯೇ ಅಳುವೂ ಬರುತ್ತಿತ್ತು.

ಎಂಟನೆಯ ದಿನ ಅಲ್ಕಾಪುರಿಯಿಂದ ಒಂದು ಹಾಳೆತಟ್ಟೆ ಬಂತು. ಅದರ ಮೇಲೂ ಸಾಂಬಾರಿನ ಚಿತ್ರವೇ: ಸಾಲುಸಾಲು ಇರುವೆಗಳು. ಕೆಳಗೆ ಅಣ್ಣನ ದುಂಡನೆಯ ಅಕ್ಷರ.

‘ನಿನ್ನ ಟಪಾಲಿನ ಜೊತೆ ನೂರಾರು ಇರುವೆ ಬಂದವು. ನನ್ನ ಒಂದು ಸೌಟಿಗೆ ಇಷ್ಟು ಬರುವುದಿಲ್ಲ. ನೀನು ಎರಡು ಹಾಕ್ತೀಯ ಅಂತ ಕಾಣ್ತದೆ. ಇರುವೆಗಳೆಲ್ಲ ಇಲ್ಲಿ ಕ್ಷೇಮ. ನಿಶ್ಚಿತಾರ್ಥದ ಹಿಂದಿನ ದಿನವೇ ಬರ್ತೇನೆ. ಸಾಂಬಾರು ನಾನೇ ಮಾಡ್ತೇನೆ, ಸಕ್ಕರೆ ಹಾಕದೆ.’

ಗಣಪತಿ ಗಿರಾಕಿಗಳೆದುರೇ ತಟ್ಟೆಯನ್ನು ಎದೆಗೊತ್ತಿಕೊಂಡು ಅತ್ತರು. ಅಣ್ಣನ ಕಡೆಯ ನಾಲ್ಕು ಇರುವೆಗಳು ಅಂಗಿಗೆ ಹತ್ತಿದವು. ಕೊಡವಿಕೊಳ್ಳಲಿಲ್ಲ.